ಸ್ಪೇನಿನಲ್ಲಿ ಮಿತ ಖರ್ಚಿನಲ್ಲಿ ವೈನ್ ಮತ್ತು ಟಪಾಸ್: ಹೋಗುವವರಿಗೊಂದು ಮಾರ್ಗದರ್ಶಿ

ಸ್ಪೇನಿಗೆ ಹೊರಟವರಿಂದ, ಅದರಲ್ಲೂ ಜರ್ಮನಿ, ನೆದರ್ಲೆಂಡ್ಸ್, ಇಂಗ್ಲೆಂಡುಗಳಲ್ಲಿ ಕೆಲಸದಲ್ಲಿದ್ದು ಸಣ್ಣ ರಜೆ ಸಿಕ್ಕಾಗ ಅಲ್ಲಿಗೆ ಹೋಗಿಬರುವ ಕನ್ನಡಿಗರಿಂದ, ಪದೇ ಪದೇ ಬರುವ ಪ್ರಶ್ನೆಗಳು ಎರಡು. ಹೆಚ್ಚು ಹಣ ಸುರಿಯದೆ ಅಲ್ಲಿನ ವೈನು, ಟಪಾಸುಗಳ ರುಚಿ ನೋಡಲು ಸಾಧ್ಯವೇ ಎಂಬುದು ಒಂದು. ಮಾಂಸ, ಮೀನು ತಿನ್ನದವರಿಗೆ ಅಲ್ಲಿ ಹೊಟ್ಟೆ ತುಂಬುವಷ್ಟು ಏನಾದರೂ ಸಿಕ್ಕೀತೇ ಎಂಬುದು ಇನ್ನೊಂದು. ಎರಡೂ ಸಾಧ್ಯವಿದೆ, ಆದರೆ ಅಲ್ಲಿನ ರೂಢಿಯನ್ನು ಮೊದಲೇ ತಿಳಿದು ಹೋಗಬೇಕು. ಟಪಾಸ್ ಎಂದರೆ ಪಾನೀಯದ ಜೊತೆಗೆ ತಿನ್ನುವ, ಪುಟ್ಟ ತಟ್ಟೆಗಳಲ್ಲಿ ಬರುವ ತಿನಿಸುಗಳು. ಒಂದು ಕಡೆ ಒಂದೆರಡು ತಿಂದು, ಒಂದು ಲೋಟ ಕುಡಿದು, ಮುಂದಿನ ಬಾರ್‌ ಕಡೆಗೆ ನಡೆಯುವುದೇ ಅದನ್ನು ಸವಿಯುವ ಕ್ರಮ. ಅಲ್ಲಿನ ಖರ್ಚು ಹೋಟೆಲಿನ ಹೆಸರಿಗಿಂತ ಹೆಚ್ಚಾಗಿ ನೀವು ಹೋಗುವ ಹೊತ್ತು, ನಿಲ್ಲುವ ಜಾಗ ಮತ್ತು ಒಮ್ಮೆಗೆ ಕೇಳುವ ಪ್ರಮಾಣವನ್ನು ಅವಲಂಬಿಸಿರುತ್ತದೆ. ಮುಂದಿನ ಹಂತಗಳೆಲ್ಲ ಈ ಮೂರರ ಸುತ್ತಲೇ ಇವೆ.

ಹೊರಡುವ ಮುನ್ನ ಬೇಕಾದದ್ದು ಹೆಚ್ಚಿಲ್ಲ. ಕಾರ್ಡು ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಆದರೂ ಹಳೆಯ ಸಣ್ಣ ಬಾರುಗಳಿಗಾಗಿ 5 ಮತ್ತು 10 ಯೂರೊಗಳ ಕೆಲವು ನೋಟು, ಒಂದಿಷ್ಟು ಚಿಲ್ಲರೆ ಜೇಬಿನಲ್ಲಿರಲಿ. ಕೆಳಗೆ ಕೊಟ್ಟಿರುವ ನಾಲ್ಕೈದು ಸ್ಪ್ಯಾನಿಷ್ ವಾಕ್ಯಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಸ್ಪೇನಿನಲ್ಲಿ ಮದ್ಯಪಾನಕ್ಕೆ ಕನಿಷ್ಠ ವಯಸ್ಸು 18. ಇಲ್ಲಿ ಕೊಟ್ಟಿರುವ ಬೆಲೆಗಳೆಲ್ಲ ಅಂದಾಜು. ಊರಿಂದೂರಿಗೆ, ಬೀದಿಯಿಂದ ಬೀದಿಗೆ ಅವು ಬದಲಾಗುತ್ತವೆ. ಒಂದು ಯೂರೊ ಎಂದರೆ ನೂರು ರೂಪಾಯಿಯ ಆಸುಪಾಸು ಎಂದು ಲೆಕ್ಕ ಹಾಕಿಕೊಳ್ಳಿ.

1. ಗಡಿಯಾರವನ್ನು ಅಲ್ಲಿನವರಿಗೆ ಹೊಂದಿಸಿಕೊಳ್ಳಿ

ಮೊದಲ ಸಲ ಹೋದವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಸ್ಪೇನಿನಲ್ಲಿ ಮಧ್ಯಾಹ್ನದ ಊಟ ಒಂದೂವರೆಗೆ ಮೊದಲು ಶುರುವಾಗುವುದು ಅಪರೂಪ, ಮೂರೂವರೆ ನಾಲ್ಕರವರೆಗೂ ಅದು ಸಾಗುತ್ತದೆ. ರಾತ್ರಿಯ ಊಟ ಒಂಬತ್ತರ ನಂತರ. ನಡುವೆ, ಸಂಜೆ ನಾಲ್ಕರಿಂದ ಎಂಟರವರೆಗೆ, ಹೆಚ್ಚಿನ ಅಡುಗೆಮನೆಗಳು ಮುಚ್ಚಿರುತ್ತವೆ. ಸಂಜೆ ಆರೂವರೆಗೆ ಹಸಿದು ಬೀದಿಗಿಳಿದವರಿಗೆ ತೆರೆದು ಕಾಣುವುದು ಪ್ರವಾಸಿಗರಿಗೆಂದೇ ಇರುವ, ಬಾಗಿಲಲ್ಲಿ ಬಣ್ಣದ ಚಿತ್ರಗಳ ಫಲಕವಿಟ್ಟ, ಎಲ್ಲಕ್ಕೂ ಹೆಚ್ಚು ಬೆಲೆ ಹಾಕುವ ಜಾಗಗಳೇ. ಆದ್ದರಿಂದ ಸಂಜೆ ಐದಾರರ ಹೊತ್ತಿಗೆ ಹಣ್ಣೋ ಬ್ರೆಡ್ಡೋ ಕಾಫಿಯೋ ಏನಾದರೂ ತೆಗೆದುಕೊಂಡು ಹಸಿವನ್ನು ತಡೆದುಕೊಳ್ಳಿ.

ಟಪಾಸಿಗೆ ಸರಿಯಾದ ಹೊತ್ತು ದಿನಕ್ಕೆರಡು: ಮಧ್ಯಾಹ್ನ ಊಟಕ್ಕೆ ಮುಂಚೆ, ಹನ್ನೆರಡೂವರೆಯಿಂದ ಎರಡರವರೆಗೆ, ಮತ್ತು ರಾತ್ರಿ ಎಂಟರಿಂದ ಹತ್ತೂವರೆಯವರೆಗೆ. ನನ್ನ ಸಲಹೆ ಎಂಟು ಗಂಟೆಗೇ ಹೋಗುವುದು. ಆಗ ಅಡುಗೆಮನೆ ಆಗಷ್ಟೇ ತೆರೆದಿರುತ್ತದೆ, ಕೌಂಟರಿನಲ್ಲಿ ಜಾಗ ಇರುತ್ತದೆ, ಬಾರಿನವರಿಗೆ ನಿಮ್ಮ ಮಾತು ಕೇಳುವಷ್ಟು ಪುರುಸೊತ್ತೂ ಇರುತ್ತದೆ. ಅನೇಕ ಬಾರುಗಳು ಭಾನುವಾರ ರಾತ್ರಿ ಮತ್ತು ಸೋಮವಾರ ಮುಚ್ಚಿರುತ್ತವೆ. ಆಗಸ್ಟಿನಲ್ಲಿ ಮ್ಯಾಡ್ರಿಡ್‌ನ ಸಣ್ಣ ಬಾರುಗಳ ಮಾಲೀಕರು ವಾರಗಟ್ಟಲೆ ರಜೆ ಹೋಗುವುದೂ ಉಂಟು.

2. ದಿನದ ದೊಡ್ಡ ಊಟ ಮಧ್ಯಾಹ್ನವೇ ಆಗಲಿ

ವಾರದ ದಿನಗಳಲ್ಲಿ, ಸೋಮವಾರದಿಂದ ಶುಕ್ರವಾರದವರೆಗೆ, ಬಹುಪಾಲು ಸಾಮಾನ್ಯ ರೆಸ್ಟೋರೆಂಟುಗಳಲ್ಲಿ ‘ಮೆನು ದೆಲ್ ದಿಯಾ’ ಎಂಬ ದಿನದ ಊಟ ಇರುತ್ತದೆ. ನಿಗದಿತ ಬೆಲೆಗೆ ಮೊದಲ ತಟ್ಟೆ, ಎರಡನೆಯ ತಟ್ಟೆ, ಬ್ರೆಡ್ಡು, ಕೊನೆಗೆ ಸಿಹಿ ಅಥವಾ ಕಾಫಿ, ಜೊತೆಗೆ ನೀರು, ಬಿಯರ್ ಇಲ್ಲವೇ ವೈನ್, ಇಷ್ಟು ಅದರಲ್ಲಿ ಸೇರಿರುತ್ತವೆ. ದೊಡ್ಡ ನಗರಗಳಲ್ಲಿ ಸುಮಾರು 13ರಿಂದ 18 ಯೂರೊ, ಸಣ್ಣ ಊರುಗಳಲ್ಲಿ ಅದಕ್ಕಿಂತ ಕಡಿಮೆ. ಕಚೇರಿ, ಅಂಗಡಿಗಳ ಕೆಲಸಗಾರರು ಊಟ ಮಾಡುವ ಜಾಗವನ್ನು ಆರಿಸಿಕೊಳ್ಳಿ. ಕರಿಹಲಗೆಯ ಮೇಲೆ ಕೈಬರಹದಲ್ಲಿ, ಸ್ಪ್ಯಾನಿಷ್‌ನಲ್ಲಿ ಮಾತ್ರ ಬರೆದಿದ್ದರೆ ಅದು ಒಳ್ಳೆಯ ಗುರುತು.

ಇಬ್ಬರು ಈ ಊಟ ಕೇಳಿದಾಗ ಕೆಲವೆಡೆ ವೈನಿನ ಒಂದು ಇಡೀ ಬಾಟಲಿಯನ್ನೇ ಮೇಜಿನ ಮೇಲಿಟ್ಟು ಹೋಗುತ್ತಾರೆ. ಅದು ಹೋಟೆಲಿನವರು ದಿನವೂ ಬಡಿಸುವ ಸಾಧಾರಣ ದರ್ಜೆಯ ವೈನು. ಅಲ್ಲಿನವರು ಅದಕ್ಕೆ ‘ಗಸೆಯೋಸಾ’ ಎಂಬ ಲಘು ಸಿಹಿಯ ಸೋಡಾ ಬೆರೆಸಿ ಕುಡಿಯುತ್ತಾರೆ, ನೀವೂ ಹಾಗೆ ಮಾಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಗಮನಿಸಬೇಕಾದ ಅಂಶ ಒಂದೇ: ಪಾನೀಯ ಸೇರಿದೆಯೋ ಇಲ್ಲವೋ, ಸಿಹಿ ಮತ್ತು ಕಾಫಿ ಎರಡೂ ಇವೆಯೋ ಅಥವಾ ಒಂದನ್ನು ಮಾತ್ರ ಆರಿಸಬೇಕೋ ಎಂಬುದನ್ನು ಹಲಗೆಯಲ್ಲಿ ಓದಿಕೊಳ್ಳಿ. ಶನಿವಾರ, ಭಾನುವಾರ ಇದೇ ಊಟ ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೂ ಬೆಲೆ ಏರಿರುತ್ತದೆ.

ಮಧ್ಯಾಹ್ನ ಹೀಗೆ ಉಂಡರೆ ರಾತ್ರಿಯ ಟಪಾಸಿಗೆ ಹೊಟ್ಟೆಯಲ್ಲಿ ಸ್ವಲ್ಪವೇ ಜಾಗ ಉಳಿದಿರುತ್ತದೆ, ಖರ್ಚು ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಹಸಿದ ಹೊಟ್ಟೆಯಲ್ಲಿ ಟಪಾಸಿಗೆ ಕುಳಿತು ತಟ್ಟೆಯ ಮೇಲೆ ತಟ್ಟೆ ತರಿಸುವುದು ಮಾತ್ರ ದುಬಾರಿಯ ದಾರಿ.

3. ಯಾವ ಊರಿನಲ್ಲಿ ಯಾವ ಪದ್ಧತಿ ಎಂದು ತಿಳಿಯಿರಿ

ಟಪಾಸಿನ ಪದ್ಧತಿ ದೇಶವಿಡೀ ಒಂದೇ ಅಲ್ಲ. ದಕ್ಷಿಣದ ಗ್ರನಾದಾ, ಹಾಯೆನ್, ಅಲ್ಮೆರಿಯಾ ಮತ್ತು ವಾಯವ್ಯದ ಲೆಯೋನ್ ನಗರಗಳಲ್ಲಿ ಪ್ರತಿ ಪಾನೀಯದ ಜೊತೆಗೂ ಒಂದು ಟಪಾ ಉಚಿತವಾಗಿ ಬರುತ್ತದೆ. ಗ್ರನಾದಾದಲ್ಲಿ ಸುಮಾರು 3 ಯೂರೊ ಕೊಟ್ಟು ಒಂದು ಲೋಟ ಕೇಳಿದರೆ ಜೊತೆಗೆ ತಟ್ಟೆಯೊಂದು ಬರುತ್ತದೆ. ಎರಡನೆಯ ಸುತ್ತಿಗೆ ಬೇರೆ ತಟ್ಟೆ. ಅದನ್ನು ಆರಿಸುವುದು ಸಾಮಾನ್ಯವಾಗಿ ಅಡುಗೆಯವರು, ಆದ್ದರಿಂದ ಸಸ್ಯಾಹಾರಿಗಳು ಪಾನೀಯ ಕೇಳುವಾಗಲೇ ಹೇಳಿಬಿಡಬೇಕು. ತಟ್ಟೆ ಬಂದ ಮೇಲೆ ಬದಲಿಸಿ ಎನ್ನುವುದು ಸಭ್ಯತೆಯಲ್ಲ. ಅಲ್ಮೆರಿಯಾದ ಬಹಳಷ್ಟು ಬಾರುಗಳಲ್ಲಿ ಪಟ್ಟಿಯಿಂದ ನೀವೇ ಆರಿಸಬಹುದು. ಕೈಯಲ್ಲಿ ಹಣ ತೀರಾ ಬಿಗಿಯಾಗಿರುವವರು ಪ್ರವಾಸದಲ್ಲಿ ಗ್ರನಾದಾಕ್ಕೆ ಒಂದು ರಾತ್ರಿ ಹೆಚ್ಚು ಕೊಡಲಿ.

ಸೆವಿಯಾದಲ್ಲಿ ಟಪಾಗೆ ಬೆಲೆ ಇದೆ, ಸುಮಾರು 3ರಿಂದ 5 ಯೂರೊ. ಆದರೆ ಬೇಕಾದದ್ದನ್ನೇ ಆರಿಸುವ ಅನುಕೂಲವೂ ಇದೆ, ಅಡುಗೆಯ ಮಟ್ಟವೂ ಮೇಲಿದೆ. ಮ್ಯಾಡ್ರಿಡ್‌ನಲ್ಲಿ ಪಾನೀಯದ ಜೊತೆ ಆಲಿವ್ ಕಾಯಿಗಳೋ ಆಲೂಗಡ್ಡೆ ಚಿಪ್ಸೋ ಉಚಿತವಾಗಿ ಬಂದರೂ ಉಳಿದದ್ದಕ್ಕೆ ಹಣ ಕೊಡಬೇಕು. ಉತ್ತರದ ಬಾಸ್ಕ್ ನಾಡಿನಲ್ಲಿ, ಅಂದರೆ ಸಾನ್ ಸೆಬಾಸ್ತಿಯಾನ್, ಬಿಲ್ಬಾವೊ ಕಡೆ, ಬ್ರೆಡ್ಡಿನ ತುಂಡಿನ ಮೇಲೆ ಕಟ್ಟಿ ಕಡ್ಡಿ ಚುಚ್ಚಿದ ತಿನಿಸಿಗೆ ‘ಪಿಂಚೊ’ ಎನ್ನುತ್ತಾರೆ. ಕೌಂಟರಿನ ಮೇಲೆ ಹತ್ತಾರು ತಟ್ಟೆಗಳಲ್ಲಿ ಅವು ಸಾಲಾಗಿ ಕುಳಿತಿರುತ್ತವೆ. ಮದುವೆ ಮನೆಯ ಬಫೆಯೆಂಬಂತೆ ತಟ್ಟೆ ತುಂಬಿಕೊಂಡರೆ ಪ್ರತಿಯೊಂದಕ್ಕೂ 3, 4 ಯೂರೊ ಏರುತ್ತಾ ಹೋಗಿ ಕೊನೆಯಲ್ಲಿ ಲೆಕ್ಕ ನೋಡಿ ಬೆಚ್ಚಬೇಕಾಗುತ್ತದೆ. ಒಂದು ಬಾರ್‌ನಲ್ಲಿ ಒಂದೇ ಪಿಂಚೊ ಸಾಕು. ಅದೂ ಕೌಂಟರಿನಲ್ಲಿ ಆರಿ ಕುಳಿತಿರುವುದಕ್ಕಿಂತ, ಗೋಡೆಯ ಹಲಗೆಯಲ್ಲಿ ಬರೆದಿರುವ, ಕೇಳಿದ ಮೇಲೆ ಬಿಸಿಯಾಗಿ ಮಾಡಿಕೊಡುವ ಪಿಂಚೊಗಳೇ ಮೇಲು. ಬಾರ್ಸಿಲೋನಾದಲ್ಲಿ ಟಪಾಸ್ ಮೂಲತಃ ಸ್ಥಳೀಯ ರೂಢಿಯಲ್ಲ. ಅಲ್ಲಿ ಪ್ರವಾಸಿಗರೇ ತುಂಬಿರುವ ರಾಂಬ್ಲಾ ಬೀದಿಯನ್ನು ದೂರವಿಟ್ಟು, ಪೊಬ್ಲೆ-ಸೆಕ್ ಬಡಾವಣೆಯ ಬ್ಲಾಯ್ ಬೀದಿಯಲ್ಲಿ ಸಾಲಾಗಿರುವ ಕಡಿಮೆ ಬೆಲೆಯ ಪಿಂಚೊ ಬಾರುಗಳನ್ನು ನೋಡಿ.

ವೈನಿಗಾಗಿಯೇ ಹೋಗುವವರು ಒಂದೇ ಊರನ್ನು ಆರಿಸಬೇಕಾದರೆ ನಾನು ಸೂಚಿಸುವುದು ರಿಯೋಹಾ ಪ್ರಾಂತ್ಯದ ರಾಜಧಾನಿ ಲೊಗ್ರೊನ್ಯೊ. ಅಲ್ಲಿನ ಲೌರೆಲ್ ಬೀದಿಯಲ್ಲಿ ಬಾರಿಗೆ ಬಾರು ತಾಗಿಕೊಂಡಿದೆ, ಅನೇಕ ಬಾರುಗಳಿಗೆ ತಮ್ಮದೇ ಆದ ಒಂದು ವಿಶೇಷ ತಿನಿಸು. ಬೆಳ್ಳುಳ್ಳಿ ಎಣ್ಣೆಯಲ್ಲಿ ಬೇಯಿಸಿದ ಅಣಬೆಗಳನ್ನು ಒಂದರ ಮೇಲೊಂದು ಬ್ರೆಡ್ಡಿಗೆ ಚುಚ್ಚಿ ಕೊಡುವುದು ಅವುಗಳಲ್ಲಿ ಪ್ರಸಿದ್ಧ. ತುದಿಯಲ್ಲಿ ಪುಟ್ಟ ಸಿಗಡಿ ಇರುತ್ತದೆ, ಬೇಡದವರು ‘ಸಿನ್ ಗಾಂಬಾ’ ಎನ್ನಬೇಕು. ಸುತ್ತಲಿನ ತೋಟಗಳದೇ ವೈನು ಇಲ್ಲಿ ಲೋಟದ ಲೆಕ್ಕದಲ್ಲಿ ಸಿಗುವ ಬೆಲೆ ಸಾನ್ ಸೆಬಾಸ್ತಿಯಾನಿಗೆ ಹೋಲಿಸಿದರೆ ಬಹಳ ಕಡಿಮೆ.

4. ಎಲ್ಲಿ ನಿಲ್ಲಬೇಕು, ಎಷ್ಟು ಕೇಳಬೇಕು

ಅನೇಕ ಬಾರುಗಳಲ್ಲಿ ಒಂದೇ ತಿನಿಸಿಗೆ ಮೂರು ಬೆಲೆ ಇರಬಹುದು: ಕೌಂಟರಿನ ಬಳಿ ನಿಂತರೆ ಒಂದು (‘ಬಾರ್ರಾ’), ಒಳಗೆ ಮೇಜಿಗೆ ಕುಳಿತರೆ ಇನ್ನೊಂದು (‘ಮೇಸಾ’), ಹೊರಗೆ ಬೀದಿಯ ಮೇಜಿಗೆ ಮತ್ತೊಂದು (‘ತೆರ್ರಾಸಾ’). ಕೊನೆಯದು ಸಾಮಾನ್ಯವಾಗಿ ಅತಿ ದುಬಾರಿ. ಬೆಲೆಪಟ್ಟಿಯಲ್ಲಿ ಈ ವ್ಯತ್ಯಾಸವನ್ನು ನಮೂದಿಸಿರುತ್ತಾರೆ, ಕಣ್ಣಾಡಿಸಿ. ನಿಂತು ತಿನ್ನುವುದರಿಂದ ಇನ್ನೂ ಒಂದು ಲಾಭವಿದೆ: ಕೆಲವು ಕಡೆ ‘ಟಪಾ’ ಗಾತ್ರವನ್ನು ಕೌಂಟರಿನಲ್ಲಿ ಮಾತ್ರ ಕೊಡುತ್ತಾರೆ, ಕುಳಿತವರು ದೊಡ್ಡ ತಟ್ಟೆಯನ್ನೇ ತರಿಸಿಕೊಳ್ಳಬೇಕಾಗುತ್ತದೆ.

ಗಾತ್ರಗಳೂ ಮೂರು. ಟಪಾ ಎಂದರೆ ಒಬ್ಬರಿಗೆ ನಾಲ್ಕು ತುತ್ತು. ‘ಮೆದಿಯಾ ರಾಸಿಯೋನ್’ ಎಂದರೆ ಅರ್ಧ ತಟ್ಟೆ, ಇಬ್ಬರಿಗೆ ಸಾಕು. ‘ರಾಸಿಯೋನ್’ ಎಂದರೆ ಪೂರ್ತಿ ತಟ್ಟೆ, ಮೂರು ನಾಲ್ಕು ಜನ ಹಂಚಿಕೊಳ್ಳುವಷ್ಟು. ಪಟ್ಟಿಯಲ್ಲಿ 14 ಯೂರೊ ಎಂದು ಕಂಡದ್ದು ರಾಸಿಯೋನಿನ ಬೆಲೆಯೋ ಟಪಾದ್ದೋ ಎಂದು ನೋಡದೆ, ಇಬ್ಬರೇ ಇದ್ದಾಗ ನಾಲ್ಕು ರಾಸಿಯೋನ್ ಕೇಳಿದರೆ ಅರ್ಧ ಉಳಿಯುತ್ತದೆ. ಉಳಿದರೆ ಕಟ್ಟಿಕೊಡಲು ಕೇಳಿ, ಸಂಕೋಚ ಬೇಡ. 2025ರ ಆಹಾರ ಪೋಲು ತಡೆ ಕಾನೂನಿನ ಪ್ರಕಾರ ಬಫೆಯನ್ನು ಬಿಟ್ಟು ಉಳಿದೆಡೆ ಹೆಚ್ಚುವರಿ ಹಣ ಪಡೆಯದೆ ಕಟ್ಟಿಕೊಡಬೇಕು.

ಕೌಂಟರಿನ ಬಳಿ ಸರದಿ ಸಾಲು ಇರುವುದಿಲ್ಲ. ಜಾಗ ಮಾಡಿಕೊಂಡು ನಿಲ್ಲಿ, ಬಾರಿನವರ ಕಣ್ಣು ನಿಮ್ಮ ಮೇಲೆ ಬಿದ್ದಾಗ ಮೊದಲು ಪಾನೀಯ ಹೇಳಿ, ಅದು ಬಂದ ಮೇಲೆ ತಿನಿಸು ಹೇಳಿ. ಹಣವನ್ನು ಸಾಮಾನ್ಯವಾಗಿ ಹೊರಡುವಾಗ ಒಟ್ಟಿಗೆ ಕೊಡುತ್ತಾರೆ. ‘ಲಾ ಕ್ವೆಂತಾ, ಪೊರ್ ಫಾವೊರ್’ ಎಂದರೆ ಬಿಲ್ ಕೊಡಿ ಎಂದರ್ಥ. ನೀವು ಕೇಳುವವರೆಗೆ ಬಿಲ್ ತಾನಾಗಿ ಬರುವುದಿಲ್ಲ.

5. ವೈನನ್ನು ಆರಿಸುವುದು

ಸ್ಪೇನಿನಲ್ಲಿ ವೈನು ಅಗ್ಗವಾಗಿರುವುದಕ್ಕೆ ಸರಳ ಕಾರಣಗಳಿವೆ. ಜಗತ್ತಿನಲ್ಲೇ ಅತಿ ಹೆಚ್ಚು ವಿಸ್ತೀರ್ಣದ ದ್ರಾಕ್ಷಿ ತೋಟಗಳಿರುವ ದೇಶ ಅದು, ಜೊತೆಗೆ ಅಲ್ಲಿ ವೈನಿನ ಮೇಲಿನ ಅಬಕಾರಿ ಸುಂಕ ಸೊನ್ನೆ. ಹಾಗಾಗಿ ಸೂಪರ್‌ಮಾರ್ಕೆಟ್ಟಿನಲ್ಲಿ 4, 5 ಯೂರೊಗೆ ಸಿಗುವ ಬಾಟಲಿಯನ್ನು ಅಗ್ಗದ ಸರಕು ಎಂದು ತಳ್ಳಿಹಾಕಬೇಕಿಲ್ಲ.

ಲೇಬಲ್ ಓದುವುದನ್ನು ಕಲಿಯಿರಿ. ಒಂದು ನಿಗದಿತ ಪ್ರದೇಶದ ದ್ರಾಕ್ಷಿಯಿಂದ, ಅಲ್ಲಿನ ನಿಯಂತ್ರಣ ಮಂಡಳಿಯ ನಿಯಮದಂತೆ ತಯಾರಾದ ವೈನಿಗೆ ‘ದೆನೊಮಿನಾಸಿಯೋನ್ ದೆ ಒರಿಹೆನ್’ ಎಂಬ ಮುದ್ರೆ ಇರುತ್ತದೆ, ಚಿಕ್ಕದಾಗಿ ಡಿ.ಓ. ಎನ್ನುತ್ತಾರೆ. ಇದಕ್ಕೂ ಮೇಲಿನ ದರ್ಜೆ ರಿಯೋಹಾ ಮತ್ತು ಪ್ರಿಯೊರಾತ್ ಎಂಬ ಎರಡು ಪ್ರದೇಶಗಳಿಗೆ ಮಾತ್ರ ಸಿಕ್ಕಿದೆ. ರಿಯೋಹಾದ ಕೆಂಪು ವೈನಿನಲ್ಲಿ ಎಷ್ಟು ಕಾಲ ಹದಗೊಳಿಸಿದ್ದಾರೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ಎಳೆಯದಾಗಿಯೇ ಮಾರುವುದು ‘ಹೋವೆನ್’. ಒಟ್ಟು ಎರಡು ವರ್ಷ, ಅದರಲ್ಲಿ ಕನಿಷ್ಠ ಒಂದು ವರ್ಷ ಓಕ್ ಮರದ ಪೀಪಾಯಿಯಲ್ಲಿ ಇಟ್ಟದ್ದು ‘ಕ್ರಿಯಾನ್ಸಾ’. ಮೂರು ವರ್ಷ ಇಟ್ಟದ್ದು ‘ರೆಸೆರ್ವಾ’, ಐದು ವರ್ಷ ಇಟ್ಟದ್ದು ‘ಗ್ರಾನ್ ರೆಸೆರ್ವಾ’. ಬಾಟಲಿಯ ಹಿಂಬದಿಯ ಪುಟ್ಟ ಮುದ್ರೆಯ ಬಣ್ಣದಿಂದಲೂ ಇದನ್ನು ಗುರುತಿಸಬಹುದು: ಕ್ರಿಯಾನ್ಸಾಗೆ ಕೆಂಪು, ರೆಸೆರ್ವಾಗೆ ಗಾಢ ಕಡುಗೆಂಪು, ಗ್ರಾನ್ ರೆಸೆರ್ವಾಗೆ ನೀಲಿ, ಇವುಗಳಿಗೆ ಸೇರದ್ದಕ್ಕೆ ಹಸಿರು. ಹೆಚ್ಚು ವರ್ಷ ಎಂದರೆ ಹೆಚ್ಚು ಚೆನ್ನ ಎಂದುಕೊಳ್ಳುವುದು ತಪ್ಪು. ಟಪಾಸಿನ ಜೊತೆಗೆ ಮರದ ವಾಸನೆ ಗಾಢವಾಗಿರುವ ಹಳೆಯ ವೈನು ತಿನಿಸಿನ ರುಚಿಯನ್ನು ಮುಚ್ಚಿಬಿಡುತ್ತದೆ. ಬೆಲೆ, ರುಚಿ ಎರಡನ್ನೂ ತೂಗಿದರೆ ಕ್ರಿಯಾನ್ಸಾವೇ ಸರಿ, ಲೋಟಕ್ಕೆ ಸುಮಾರು 2.5ರಿಂದ 4 ಯೂರೊ. ‘ಉನಾ ಕೋಪಾ ದೆ ಕ್ರಿಯಾನ್ಸಾ, ಪೊರ್ ಫಾವೊರ್’ ಎಂದರೆ ಒಂದು ಲೋಟ ಕ್ರಿಯಾನ್ಸಾ ಕೊಡಿ ಎಂದರ್ಥ.

ರಿಯೋಹಾ ಮತ್ತು ರಿಬೇರಾ ದೆಲ್ ದುವೇರೊ ಹೆಸರುಗಳಿಗೆ ಬೇಡಿಕೆ ಇರುವುದರಿಂದ ಬೆಲೆಯೂ ಅದಕ್ಕೆ ತಕ್ಕಂತಿದೆ. ಕಡಿಮೆ ಹಣಕ್ಕೆ ಒಳ್ಳೆಯದನ್ನು ಕುಡಿಯಬೇಕಾದರೆ ಅಷ್ಟಾಗಿ ಹೆಸರಾಗದ ಪ್ರದೇಶಗಳತ್ತ ಹೋಗಿ. ಆರಾಗೋನ್ ಸೀಮೆಯ ಕಾಂಪೊ ದೆ ಬೋರ್ಹಾ ಮತ್ತು ಕಲಾತಾಯುದ್‌ಗಳಲ್ಲಿ ಹಳೆಯ ಬಳ್ಳಿಗಳ ಗಾರ್ನಾಚಾ ದ್ರಾಕ್ಷಿಯಿಂದ ಮಾಡುವ ಕೆಂಪು ವೈನು ನಯವಾಗಿ, ಹಣ್ಣಿನ ರುಚಿಯಿಂದ ತುಂಬಿರುತ್ತದೆ. ಆಗ್ನೇಯದ ಒಣ ನೆಲವಾದ ಹುಮಿಯಾದಲ್ಲಿ ಮೊನಾಸ್ತ್ರೆಲ್ ದ್ರಾಕ್ಷಿ, ಅದರ ವೈನು ಇನ್ನೂ ದಟ್ಟ. ಬಯಲುಸೀಮೆಯಾದ ಲಾ ಮಾಂಚಾ ಮತ್ತು ವಾಲ್ದೆಪೆನ್ಯಾಸ್‌ಗಳಲ್ಲಿ ರಿಯೋಹಾದ ಅದೇ ತೆಂಪ್ರಾನಿಯೊ ದ್ರಾಕ್ಷಿಗೆ ಸೆನ್ಸಿಬೆಲ್ ಎಂಬ ಹೆಸರು, ಬೆಲೆ ಮಾತ್ರ ಇಳಿಕೆ. ಬಿಳಿ ವೈನಿನಲ್ಲಿ ರುವೇದಾ ಪ್ರದೇಶದ ವೆರ್ದೆಹೊ ಎಲ್ಲ ಬಾರುಗಳಲ್ಲೂ ಸಿಗುತ್ತದೆ, ಕೈಗೆಟುಕುತ್ತದೆ. ಗಲೀಸಿಯಾದ ಅಲ್ಬಾರಿನ್ಯೊ ಇನ್ನೂ ಸೊಗಸು, ಬೆಲೆಯೂ ತುಸು ಹೆಚ್ಚು.

ಆದರೆ ಸ್ಪೇನಿನಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ರುಚಿ ಕೊಡುವುದು, ನನ್ನ ಅಭಿಪ್ರಾಯದಲ್ಲಿ, ಹೆರೆಸ್ ಸೀಮೆಯ ಶೆರಿ ಎಂಬ ವೈನು. ಶೆರಿ ಎಂದರೆ ಸಿಹಿಯಾದ ಪಾನಕದಂಥದ್ದು ಎಂಬ ಕಲ್ಪನೆಯನ್ನು ಬಿಟ್ಟುಬಿಡಿ. ‘ಫೀನೊ’ ಮತ್ತು ‘ಮಾನ್ಸಾನಿಯಾ’ ಎಂಬ ಬಗೆಗಳಲ್ಲಿ ಸಿಹಿಯ ಸುಳಿವೂ ಇರುವುದಿಲ್ಲ; ಪೀಪಾಯಿಯೊಳಗೆ ವೈನಿನ ಮೇಲ್ಮೈಯಲ್ಲಿ ‘ಫ್ಲೋರ್’ ಎಂಬ ಯೀಸ್ಟಿನ ಪದರ ಬೆಳೆದು, ಗಾಳಿ ತಾಗದಂತೆ ಕಾಪಾಡುವುದರಿಂದ ಅವಕ್ಕೆ ಬಾದಾಮಿ, ಹುದುಗಿನ ಹಿಟ್ಟು, ಉಪ್ಪುಗಾಳಿಯ ಛಾಯೆ ಬರುತ್ತದೆ. ಮಾನ್ಸಾನಿಯಾ ತಯಾರಾಗುವುದು ಸಾನ್ಲೂಕರ್ ದೆ ಬಾರ್ರಾಮೇದಾ ಎಂಬ ಸಮುದ್ರ ತೀರದ ಊರಿನಲ್ಲಿ ಮಾತ್ರ. ಇದನ್ನು ಚೆನ್ನಾಗಿ ತಣ್ಣಗಿರುವಾಗ, ಹೊಸದಾಗಿ ತೆರೆದ ಬಾಟಲಿಯಿಂದ ಕುಡಿಯಬೇಕು. ಬಾರಿನ ಶೆಲ್ಫಿನಲ್ಲಿ ಅರ್ಧ ಖಾಲಿಯಾಗಿ ಬೆಚ್ಚಗೆ ನಿಂತಿರುವ ಫೀನೊವನ್ನು ಕೇಳಬೇಡಿ. ಎರಡು ಎಚ್ಚರಿಕೆಗಳಿವೆ: ಇದರಲ್ಲಿ ಮದ್ಯಸಾರ ಶೇ 15ರಷ್ಟಿರುತ್ತದೆ, ಸಾಮಾನ್ಯ ವೈನಿನ ಲೆಕ್ಕದಲ್ಲಿ ಕುಡಿದರೆ ತಲೆಗೇರುತ್ತದೆ; ಹೆರೆಸ್ ಇರುವ ದಕ್ಷಿಣದ ಆಂದಲೂಸಿಯಾ ಪ್ರಾಂತ್ಯದ ಹೊರಗೆ ಬರಿದೇ ‘ಮಾನ್ಸಾನಿಯಾ’ ಎಂದರೆ ಸೇವಂತಿಗೆ ಜಾತಿಯ ಹೂವಿನ ಬಿಸಿ ಕಷಾಯ ತಂದಿಡುವ ಸಂಭವವೇ ಹೆಚ್ಚು.

ಗುಳ್ಳೆಯೇಳುವ ವೈನು ಬೇಕಾದವರು ಕಾವಾ ಕೇಳಲಿ. ಶಾಂಪೇನಿನಂತೆ ಬಾಟಲಿಯೊಳಗೇ ಎರಡನೆಯ ಬಾರಿ ಹುದುಗಿಸಿ ಮಾಡುವ ಇದರ ಬೆಲೆ ಶಾಂಪೇನಿನ ಹತ್ತಿರಕ್ಕೂ ಬರುವುದಿಲ್ಲ. ಲೇಬಲ್ಲಿನಲ್ಲಿ ‘ಬ್ರುತ್ ನಾತುರೆ’ ಎಂದಿದ್ದರೆ ಸಕ್ಕರೆ ಬಹುತೇಕ ಇಲ್ಲ, ‘ಸೆಮಿ ಸೆಕೊ’ ಎಂದಿದ್ದರೆ ಸ್ಪಷ್ಟವಾಗಿ ಸಿಹಿ. ಸಾಂಗ್ರಿಯಾ ಎಂದು ಪ್ರವಾಸಿ ಬೀದಿಗಳಲ್ಲಿ ಹೂಜಿಗಟ್ಟಲೆ ಮಾರುವುದನ್ನು ಬಿಟ್ಟು, ಬೇಸಿಗೆಯಲ್ಲಿ ಅಲ್ಲಿನವರು ಕುಡಿಯುವ ‘ತಿಂತೊ ದೆ ವೆರಾನೊ’ ಕೇಳಿ. ಕೆಂಪು ವೈನಿಗೆ ನಿಂಬೆ ಸೋಡಾ, ಮಂಜುಗಡ್ಡೆ ಹಾಕಿದ ಅದು ಅಗ್ಗವೂ ಹೌದು, ಹಗುರವೂ ಹೌದು.

ಬಾಟಲಿಯೋ ಲೋಟವೋ ಎಂಬುದಕ್ಕೆ ಲೆಕ್ಕ ಸುಲಭ. 750 ಮಿಲಿಲೀಟರಿನ ಬಾಟಲಿಯಲ್ಲಿ ಐದಾರು ಲೋಟ ಬರುತ್ತದೆ. ಒಂದೇ ಕಡೆ ನಾಲ್ಕು ಜನ ಕುಳಿತು ಊಟ ಮಾಡುವುದಾದರೆ ಬಾಟಲಿ ಲಾಭ. ಬಾರಿನಿಂದ ಬಾರಿಗೆ ನಡೆಯುವುದಾದರೆ ಲೋಟವೇ ಸರಿ.

ಕುಡಿಯದವರು, ಮಕ್ಕಳು ಜೊತೆಗಿದ್ದರೆ ಹಿಂಜರಿಯಬೇಕಿಲ್ಲ. ಸ್ಪೇನಿನ ಬಾರು ಎಂದರೆ ಅಜ್ಜಿ ಮೊಮ್ಮಕ್ಕಳ ಸಮೇತ ಮನೆಮಂದಿಯೆಲ್ಲ ಬರುವ ಜಾಗ. ‘ಮೋಸ್ತೊ’ ಎಂಬ ಹುದುಗಿಸದ ದ್ರಾಕ್ಷಿ ರಸವನ್ನು ವೈನಿನಂತೆಯೇ ಲೋಟದಲ್ಲಿ ಕೊಡುತ್ತಾರೆ, ಮದ್ಯಸಾರವಿಲ್ಲದ ಬಿಯರೂ ಬಹುತೇಕ ಎಲ್ಲ ಕಡೆ ಇದೆ. ಉಚಿತ ಟಪಾ ಕೊಡುವ ಊರುಗಳಲ್ಲಿ ಇವುಗಳ ಜೊತೆಗೂ ಸಾಮಾನ್ಯವಾಗಿ ತಟ್ಟೆ ಬರುತ್ತದೆ. ಕುಡಿದವರು ಮಾತ್ರ ಬಾಡಿಗೆ ಕಾರಿನ ಬೀಗದ ಕೈ ಮುಟ್ಟಬಾರದು, ಬೀದಿಯಲ್ಲಿ ಬಾಟಲಿ ಹಿಡಿದು ಕುಡಿಯಲೂಬಾರದು. ಎರಡನೆಯದಕ್ಕೂ ಅನೇಕ ನಗರಗಳಲ್ಲಿ ದಂಡವಿದೆ.

6. ಸಸ್ಯಾಹಾರಿಗಳು ಕೇಳಬೇಕಾದದ್ದು, ಬಿಡಬೇಕಾದದ್ದು

ಸ್ಪೇನಿನ ಅಡುಗೆಯಲ್ಲಿ ಹಂದಿಯ ಹದಗೊಳಿಸಿದ ತೊಡೆಮಾಂಸ, ಅಂದರೆ ‘ಹಾಮೋನ್’, ಒಗ್ಗರಣೆಯ ವಸ್ತುವಿನಂತೆ ಎಲ್ಲೆಂದರಲ್ಲಿ ಬೀಳುತ್ತದೆ. ಹುರುಳಿಕಾಯಿ ಪಲ್ಯದಂಥ ತರಕಾರಿಯ ಮೇಲೆ, ಅಣಬೆಯ ಜೊತೆ, ತಣ್ಣನೆಯ ಟೊಮೆಟೊ ಗಂಜಿಯಂತಿರುವ ‘ಸಾಲ್ಮೊರೆಹೊ’ದ ಮೇಲೂ ಅದರ ಚೂರುಗಳಿರುತ್ತವೆ. ಬೇಳೆಯ ಸಾರಿನಲ್ಲಿ ಚೊರೀಸೊ ಎಂಬ ಮಸಾಲೆ ಮಾಂಸ, ಆಲೂಗಡ್ಡೆಯ ‘ಎನ್ಸಲಾದಿಯಾ ರೂಸಾ’ದಲ್ಲಿ ಟ್ಯೂನಾ ಮೀನು. ‘ಮಾಂಸವಿಲ್ಲದ್ದು ಕೊಡಿ’ ಎಂದರೆ ಹಾಮೋನು, ಮೀನು ಮಾಂಸದ ಲೆಕ್ಕಕ್ಕೆ ಸೇರುವುದಿಲ್ಲ ಎಂದು ತಿಳಿಯುವವರೂ ಇದ್ದಾರೆ. ಆದ್ದರಿಂದ ಬಿಡಿಸಿ ಹೇಳಿ: ‘ನೊ ಕೊಮೊ ಕಾರ್ನೆ, ನಿ ಹಾಮೋನ್, ನಿ ಪೆಸ್ಕಾದೊ, ನಿ ಅತೂನ್.’ ಮಾಂಸ, ಹಾಮೋನ್, ಮೀನು, ಟ್ಯೂನಾ ಯಾವುದನ್ನೂ ತಿನ್ನುವುದಿಲ್ಲ ಎಂದರ್ಥ. ಒಂದು ತಿನಿಸನ್ನು ತೋರಿಸಿ ‘ಯೇವಾ ಹಾಮೋನ್?’ ಎಂದರೆ ಇದರಲ್ಲಿ ಹಾಮೋನ್ ಇದೆಯೇ ಎಂದು ಕೇಳಿದಂತೆ.

ಯುರೋಪಿನ ಕಾನೂನಿನಂತೆ ಹೋಟೆಲುಗಳು 14 ಬಗೆಯ ಅಲರ್ಜಿಕಾರಕ ವಸ್ತುಗಳ ವಿವರ ಕೊಡಬೇಕು, ಪಟ್ಟಿಯಲ್ಲಿ ಚಿಹ್ನೆಗಳಿರುವುದು ಅದಕ್ಕೇ. ಮೊಟ್ಟೆ, ಮೀನು, ಸಿಗಡಿ, ಹಾಲು ಅದರಲ್ಲಿ ಸೇರಿವೆ, ಮಾಂಸ ಸೇರಿಲ್ಲ. ಮೊಟ್ಟೆ ತಿನ್ನದವರಿಗೆ ಈ ಚಿಹ್ನೆ ಬಹಳ ಉಪಯುಕ್ತ. ಮಾಂಸದ ವಿಚಾರದಲ್ಲಿ ಅದನ್ನು ನಂಬಿ ಕೂರಬೇಡಿ.

ಮೊಟ್ಟೆ ತಿನ್ನುವವರಿಗೆ ದಾರಿ ಸಲೀಸು. ಆಲೂಗಡ್ಡೆ, ಈರುಳ್ಳಿ, ಮೊಟ್ಟೆಯ ದಪ್ಪ ‘ತೊರ್ತಿಯಾ’ ಎಲ್ಲ ಊರಲ್ಲೂ ಇದೆ, ಅದಕ್ಕೆ ಫೀನೊ ಅಥವಾ ಕಾವಾ ಚೆನ್ನಾಗಿ ಹೊಂದುತ್ತದೆ. ಮೊಟ್ಟೆಯೂ ಬೇಡದವರು ಇವನ್ನು ನೆನಪಿಡಿ: ಬ್ರೆಡ್ಡಿನ ಮೇಲೆ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಹಾಕಿದ ‘ಪಾನ್ ಕೊನ್ ತೊಮಾತೆ’, ಹಸಿರು ಮೆಣಸಿನಕಾಯಿಗಳನ್ನು ಇಡಿಯಾಗಿ ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿದ ‘ಪಿಮಿಯೆಂತೊಸ್ ದೆ ಪಾದ್ರೋನ್’ (ಇದರ ಸೀಮೆಯಾದ ಗಲೀಸಿಯಾದ ಅಲ್ಬಾರಿನ್ಯೊ ವೈನೇ ಇದಕ್ಕೆ ಹೊಂದುತ್ತದೆ), ಸೆವಿಯಾದ ‘ಎಸ್ಪಿನಾಕಾಸ್ ಕೊನ್ ಗಾರ್ಬಾನ್ಸೊಸ್’, ಅಂದರೆ ಜೀರಿಗೆಯ ಪರಿಮಳದ ಪಾಲಕ್ ಮತ್ತು ಕಾಬೂಲಿ ಕಡಲೆ, ನಮ್ಮ ನಾಲಗೆಗೆ ಅತಿ ಹತ್ತಿರವಾದದ್ದು, ಕಾತಲೋನಿಯಾದಲ್ಲಿ ಬದನೆ, ದೊಣ್ಣೆಮೆಣಸುಗಳನ್ನು ಸುಟ್ಟು ಸಿಪ್ಪೆ ತೆಗೆದು ಎಣ್ಣೆ ಹಾಕಿದ ‘ಎಸ್ಕಾಲಿವಾದಾ’, ಬೇಸಿಗೆಯ ತಣ್ಣನೆ ‘ಗಾಸ್ಪಾಚೊ’. ಕೊರ್ದೋಬಾ ಕಡೆಯ, ಕರಿದ ಬದನೆಗೆ ಕಬ್ಬಿನ ಕಾಕಂಬಿ ಸುರಿದ ತಿನಿಸು ಬಹಳ ರುಚಿ, ಆದರೆ ಹಿಟ್ಟಿನಲ್ಲಿ ಮೊಟ್ಟೆ ಹಾಕಿದ್ದಾರೆಯೇ ಎಂದು ವಿಚಾರಿಸಿ. ‘ಪತಾತಾಸ್ ಬ್ರಾವಾಸ್’, ಅಂದರೆ ಕರಿದ ಆಲೂಗಡ್ಡೆಗೆ ಖಾರದ ಸಾಸ್, ಎಲ್ಲೆಡೆ ಸಿಗುತ್ತದೆ. ಮೇಲೆ ಸುರಿಯುವ ಬಿಳಿಯ ‘ಆಲಿಯೋಲಿ’ಯಲ್ಲಿ ಮೊಟ್ಟೆ ಇರುತ್ತದೆ, ಕೆಲವರು ಕೆಂಪು ಸಾಸಿಗೆ ಮಾಂಸದ ಸಾರನ್ನೂ ಬಳಸುತ್ತಾರೆ. ಖಾರ ಎಂದರೆ ನಮ್ಮ ಅಳತೆಯ ಖಾರವಲ್ಲ, ಹೆಚ್ಚು ನಿರೀಕ್ಷಿಸಬೇಡಿ.

ಚೀಸಿನ ವಿಚಾರದಲ್ಲಿ ಕಟ್ಟುನಿಟ್ಟಿನವರು ತಿಳಿದಿರಬೇಕಾದ ಸಂಗತಿ: ಕುರಿಹಾಲಿನ ಮಾಂಚೆಗೊ ಮೊದಲಾದ ಅನೇಕ ಚೀಸುಗಳಲ್ಲಿ ಹಾಲನ್ನು ಒಡೆಯಿಸಲು ಪ್ರಾಣಿಜನ್ಯ ಹೆಪ್ಪನ್ನು ಬಳಸುತ್ತಾರೆ. ಎಕ್ಸ್‌ತ್ರೆಮಾದೂರಾದ ‘ತೋರ್ತಾ ದೆಲ್ ಕಸಾರ್’ ಚೀಸಿಗೆ ಮಾತ್ರ ಒಂದು ಜಾತಿಯ ಮುಳ್ಳುಗಿಡದ ಹೂವಿನ ಹೆಪ್ಪೇ ಆಗಬೇಕು. ವೈನನ್ನು ತಿಳಿಗೊಳಿಸಲು ಕೂಡ ಮೊಟ್ಟೆಯ ಬಿಳಿ, ಮೀನಿನ ಅಂಟು ಬಳಸುವುದುಂಟು. ಅದು ಬೇಡದವರು ಬಾಟಲಿಯ ಮೇಲೆ ‘ವೆಗಾನೊ’ ಎಂಬ ಗುರುತು ನೋಡಿ ಕೊಳ್ಳಲಿ.

ಮಾಂಸಾಹಾರಿಗಳಿಗೆ ಹೇಳಬೇಕಾದದ್ದು ಕಡಿಮೆ. ಹಾಮೋನಿನಲ್ಲಿ ‘ಸೆರ್ರಾನೊ’ ಅಗ್ಗ. ‘ಇಬೆರಿಕೊ’ ಬಗೆಗೆ ಬಣ್ಣದ ಪಟ್ಟಿಗಳಿವೆ: ಕಪ್ಪು ಎಲ್ಲಕ್ಕಿಂತ ಮೇಲಿನದು, ನಂತರ ಕೆಂಪು, ಹಸಿರು, ಕೊನೆಗೆ ಬಿಳಿ. ಕಪ್ಪು ಪಟ್ಟಿಯದನ್ನು ರಾಸಿಯೋನ್ ಲೆಕ್ಕದಲ್ಲಿ ಕೇಳುವ ಮುನ್ನ ಬೆಲೆ ನೋಡಿ. ಹಂದಿ ಬೇಡದವರು ‘ಸೆರ್ದೊ’, ದನದ ಮಾಂಸ ಬೇಡದವರು ‘ತೆರ್ನೇರಾ’, ‘ವಾಕಾ’, ‘ತೋರೊ’ ಎಂಬ ಪದಗಳನ್ನು ಗುರುತಿಟ್ಟುಕೊಳ್ಳಿ.

7. ಬಿಲ್ಲನ್ನು ಓದಿ

ಪಟ್ಟಿಯ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಕೇಳದೆ ಮೇಜಿಗೆ ಬಂದ ಬ್ರೆಡ್ಡಿಗೆ ತಲೆಗೆ ಒಂದೆರಡು ಯೂರೊ ಹಾಕುವುದುಂಟು. ಬೇಡವಾದರೆ ಬಂದ ಕೂಡಲೇ, ಮುಟ್ಟುವ ಮೊದಲೇ ಹಿಂದಿರುಗಿಸಿ. ನೀರು ಕೇಳಿದರೆ ಬಾಟಲಿ ಬರುತ್ತದೆ, ಅದಕ್ಕೂ ಹಣ. 2022ರ ತ್ಯಾಜ್ಯ ಕಾನೂನಿನ ಪ್ರಕಾರ ಹೋಟೆಲುಗಳು ನಲ್ಲಿಯ ನೀರನ್ನು ಉಚಿತವಾಗಿ ಒದಗಿಸಬೇಕು. ‘ಆಗ್ವಾ ದೆಲ್ ಗ್ರೀಫೊ’ ಎಂದು ಹೆಸರಿಟ್ಟೇ ಕೇಳಬೇಕು. ಪಟ್ಟಿಯಲ್ಲಿ ಬೆಲೆಯ ಜಾಗದಲ್ಲಿ ‘ಎಸ್/ಎಮ್’ ಎಂಬ ಅಕ್ಷರಗಳು ಕಂಡರೆ ಅಂದಿನ ಮಾರುಕಟ್ಟೆ ದರದಂತೆ ಎಂದರ್ಥ. ಸಿಗಡಿ, ಸಮುದ್ರದ ಚಿಪ್ಪುಜೀವಿಗಳಿಗೆ ಹೀಗೆ ಬರೆಯುತ್ತಾರೆ, ಕೆಲವೊಮ್ಮೆ 100 ಗ್ರಾಮಿನ ಲೆಕ್ಕದಲ್ಲಿ. ಒಟ್ಟು ಎಷ್ಟಾಗುತ್ತದೆ ಎಂದು ಬಾಯಿಬಿಟ್ಟು ಕೇಳದೆ ತರಿಸಬೇಡಿ, ಪ್ರವಾಸಿಗರ ಜೇಬಿಗೆ ದೊಡ್ಡ ತೂತು ಬೀಳುವುದು ಇದರಿಂದಲೇ.

ಟಿಪ್ಸ್ ಕಡ್ಡಾಯವಲ್ಲ. ಬಾರಿನಲ್ಲಿ ಚಿಲ್ಲರೆ ಬಿಟ್ಟು ಬಂದರೆ ಸಾಕು. ಲೆಕ್ಕ ತಪ್ಪಾಗಿದ್ದು ಮಾತಿನಲ್ಲಿ ಬಗೆಹರಿಯದಿದ್ದರೆ ‘ಓಹಾ ದೆ ರೆಕ್ಲಾಮಾಸಿಯೋನೆಸ್’ ಕೊಡಿ ಎನ್ನಿ; ಅದು ಪ್ರತಿ ಹೋಟೆಲೂ ಇಟ್ಟಿರಲೇಬೇಕಾದ ಅಧಿಕೃತ ದೂರಿನ ನಮೂನೆ. ಹೆಚ್ಚಿನ ಸಲ ಅದರ ಹೆಸರೆತ್ತಿದಾಗಲೇ ಲೆಕ್ಕ ಸರಿಯಾಗುತ್ತದೆ.

ಎಲ್ಲ ಸೇರಿ ಒಬ್ಬರಿಗೆ ಒಂದು ದಿನಕ್ಕೆ ಎಷ್ಟು? ಬೆಳಿಗ್ಗೆ ಕಾಫಿ ಮತ್ತು ಟೊಮೆಟೊ ಬ್ರೆಡ್ಡಿಗೆ 4 ಯೂರೊ, ಮಧ್ಯಾಹ್ನದ ಊಟಕ್ಕೆ 15, ರಾತ್ರಿ ಮೂರು ಬಾರುಗಳಲ್ಲಿ ತಲಾ ಒಂದು ಲೋಟ, ಒಂದು ಟಪಾ ಎಂದರೆ ಸುಮಾರು 18. ಒಟ್ಟು 37 ಯೂರೊ. ಗ್ರನಾದಾದಲ್ಲಿ ಇದರಿಂದ 7, 8 ಯೂರೊ ಇಳಿಯುತ್ತದೆ, ಸಾನ್ ಸೆಬಾಸ್ತಿಯಾನಿನಲ್ಲಿ ಅಷ್ಟೇ ಏರುತ್ತದೆ.

8. ಬಾಟಲಿ ಕೊಂಡು ಊರಿಗೆ ತರುವುದಾದರೆ

ಬೆಂಗಳೂರಿನಲ್ಲಿ ಆಮದು ವೈನಿನ ಮೇಲೆ ಸುಂಕ, ಅಬಕಾರಿ ತೆರಿಗೆಗಳು ಸೇರಿ ಬೆಲೆ ಹಲವು ಪಟ್ಟು ಏರುವುದರಿಂದ, ಹೋದವರು ಎರಡು ಬಾಟಲಿ ತರುವುದು ಲಾಭವೇ. ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಗಿಂತ ಊರೊಳಗಿನ ಸೂಪರ್‌ಮಾರ್ಕೆಟ್ಟು ಅಥವಾ ವೈನ್ ಅಂಗಡಿಯಲ್ಲಿ ಕೊಳ್ಳಿ, ಅಲ್ಲಿ ಆಯ್ಕೆ ಹೆಚ್ಚು, ಬೆಲೆ ಕಡಿಮೆ. 8ರಿಂದ 12 ಯೂರೊ ಕೊಟ್ಟರೆ ಉಡುಗೊರೆ ಕೊಡಬಹುದಾದ ಕ್ರಿಯಾನ್ಸಾ ಅಥವಾ ರೆಸೆರ್ವಾ ಸಿಗುತ್ತದೆ. ಫೀನೊ ಬೇಡ, ಅದು ಬೇಗ ಕುಡಿಯಬೇಕಾದದ್ದು. ಶೆರಿಯೇ ಬೇಕಿದ್ದರೆ ಗಾಳಿಯಲ್ಲಿ ಹದಗೊಂಡ ಕಂದು ಬಣ್ಣದ ‘ಒಲೊರೊಸೊ’ ಪ್ರಯಾಣವನ್ನು ತಡೆದುಕೊಳ್ಳುತ್ತದೆ.

ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕರಿಗೆ ಸುಂಕವಿಲ್ಲದೆ ತರಲು ಅವಕಾಶವಿರುವುದು ತಲೆಗೆ 2 ಲೀಟರ್ ಮದ್ಯ. ಎರಡು ಬಾಟಲಿ ಎಂದರೆ ಒಂದೂವರೆ ಲೀಟರ್. ಮೂರನೆಯ ಪೂರ್ಣ ಬಾಟಲಿ ಮಿತಿಯನ್ನು ದಾಟುತ್ತದೆ, ಬೇಕಿದ್ದರೆ 375 ಮಿಲಿಲೀಟರಿನ ಅರ್ಧ ಬಾಟಲಿಯೊಂದನ್ನು ಸೇರಿಸಬಹುದು. ಬೆಂಗಳೂರಿನಲ್ಲಿ ಇಳಿದ ಮೇಲೆ ಸುಂಕರಹಿತ ಅಂಗಡಿಯಲ್ಲಿ ಕೊಳ್ಳುವುದೂ ಇದೇ 2 ಲೀಟರಿನ ಲೆಕ್ಕಕ್ಕೆ ಬರುತ್ತದೆ. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವ ಒಯ್ಯಲು ಬಿಡದ ಕಾರಣ, ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು ಕಟ್ಟಿ, ಚೆಕ್-ಇನ್ ಸೂಟ್‌ಕೇಸಿನ ಅಂಚಿನಲ್ಲಿಡದೆ ನಟ್ಟನಡುವೆ ಇಡಿ. ಕೊಂಡ ರಸೀದಿ ಕೈಚೀಲದಲ್ಲಿರಲಿ.